ಒಂದು ಫೈಲ್ ತೆರೆದರೆ ಪಕ್ಕದ್ದು ಕಾಣದು!

ಆ್ಯಪ್ ಸಿಕ್ಕಿದ್ದೆಲ್ಲ ಮುಟ್ಟದಂತೆ ಹಾಕುವ ಬೇಲಿ, ಅಂದರೆ ಸ್ಯಾಂಡ್‌ಬಾಕ್ಸ್, ಬೇಡ ಅಂತ ಯಾರೂ ಹೇಳುತ್ತಿಲ್ಲ. ಆದರೆ ಫ್ಲಾಟ್‌ಪ್ಯಾಕ್ (ಲಿನಕ್ಸ್‌ನಲ್ಲಿ ಆ್ಯಪ್‌ಗಳನ್ನು ಇಂಥ ಬೇಲಿಯೊಳಗೆ ಓಡಿಸುವ ವ್ಯವಸ್ಥೆ) ಮೂಲಕ ಹಾಕಿಕೊಂಡ ಪ್ಲೇಯರಿನಲ್ಲಿ ವಿಡಿಯೋ ತೆರೆದಾಗ, ಅದರ ಪಕ್ಕದಲ್ಲೇ ಅದೇ ಹೆಸರಲ್ಲಿ ಕೂತ ಸಬ್‌ಟೈಟಲ್ ಕಾಣಿಸುವುದಿಲ್ಲ ಅಂದರೆ ಏನು ಕರ್ಮ! ಬ್ರೌಸರಿನಲ್ಲಿ ಸೇವ್ ಮಾಡಿಟ್ಟ ವೆಬ್ ಪುಟ ತೆರೆದರೂ ಅಷ್ಟೇ. ಚಿತ್ರವಿಲ್ಲ, ಪುಟಕ್ಕೆ ಅಂದ ಕೊಡುವ ಸಿಎಸ್‌ಎಸ್ ಫೈಲ್ ಇಲ್ಲ, ಬರೀ ಬೋಳು ಅಕ್ಷರ.

ಇದೆಲ್ಲ ಬೇಲಿಯಾಚೆಯ ಫೈಲನ್ನು ಆ್ಯಪ್‌ಗೆ ದಾಟಿಸುವ ಡಾಕ್ಯುಮೆಂಟ್ ಪೋರ್ಟಲ್ ಮಹಿಮೆ. ಫೈಲ್ ಆರಿಸುವ ಕಿಟಕಿ ಓಡುವುದು ಸ್ಯಾಂಡ್‌ಬಾಕ್ಸಿನ ಹೊರಗೆ. ನೀವು ಆರಿಸಿದ ಆ ಒಂದೇ ಫೈಲನ್ನು ಪೋರ್ಟಲ್ '/ರನ್/ಯೂಸರ್/1000/ಡಾಕ್' ಕೆಳಗೆ, ತಲೆಬುಡವಿಲ್ಲದ ಹೆಸರಿನ ಫೋಲ್ಡರಿನಲ್ಲಿ ಆ್ಯಪ್‌ಗೆ ತೋರಿಸುತ್ತದೆ. ಆ್ಯಪ್ ಪಾಲಿಗೆ ನೆರೆಹೊರೆಯೇ ಇಲ್ಲ. ಸರಿ, ಅದನ್ನಾದರೂ ಹೇಳಬಾರದೇ? ಎರರ್ ಮೆಸೇಜ್ ಒಂದೂ ಬರುವುದಿಲ್ಲ, ಹುಡುಕುವವರು ಸಬ್‌ಟೈಟಲ್ಲೇ ಕೆಟ್ಟಿದೆ ಅಂದುಕೊಳ್ಳಬೇಕು.

ಪರಿಹಾರ ಇದೆ, ವಿಡಿಯೋಸ್ ಫೋಲ್ಡರನ್ನೇ ಆ್ಯಪ್‌ಗೆ ತೋರಿಸುವುದು. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಹೀಗೆ ಟೈಪ್ ಮಾಡಿ: 'ಫ್ಲಾಟ್‌ಪ್ಯಾಕ್ ಓವರ್‌ರೈಡ್ --ಯೂಸರ್ --ಫೈಲ್‌ಸಿಸ್ಟಮ್=ಎಕ್ಸ್‌ಡಿಜಿ-ವಿಡಿಯೋಸ್:ಆರ್‌ಒ', ಅದರ ಮುಂದೆ ಆ್ಯಪ್ ಐಡಿ, ಅಂದರೆ ಫ್ಲಾಟ್‌ಪ್ಯಾಕ್ ಆ ಆ್ಯಪ್ ಅನ್ನು ಗುರುತಿಸುವ ಹೆಸರು. ಕೊನೆಯ 'ಆರ್‌ಒ' ಬಿಡಬೇಡಿ, ಓದಲಷ್ಟೇ ಅನುಮತಿ ಸಾಕು. ಟೈಪ್ ಮಾಡಲು ಬೇಜಾರಾದರೆ ಅನುಮತಿಗಳನ್ನು ಕ್ಲಿಕ್ ಮಾಡಿಯೇ ಬದಲಿಸಲು ಫ್ಲಾಟ್‌ಸೀಲ್ ಅನ್ನುವ ಆ್ಯಪ್ ಇದೆ. ಅನುಮತಿ ಜಾರಿಯಾಗುವುದು ಆ್ಯಪ್ ಶುರುವಾಗುವಾಗ ಮಾತ್ರ, ಟ್ರೇನಲ್ಲಿ ಅಡಗಿ ಕೂತಿದ್ದರೆ ಪೂರ್ತಿ ಮುಚ್ಚಿ ಮತ್ತೆ ತೆರೆಯಬೇಕು. ವಿಡಿಯೋ ಬೇರೆ ಡಿಸ್ಕಿನಲ್ಲಿದೆಯೇ? '/ಎಂಎನ್‌ಟಿ' ಆಗಲಿ '/ರನ್/ಮೀಡಿಯಾ' ಆಗಲಿ, ಆ ದಾರಿಯನ್ನು ಬೇರೆಯಾಗಿಯೇ ಸೇರಿಸಬೇಕು. ಇಡೀ ಹೋಮ್ ಫೋಲ್ಡರ್ ಕೊಟ್ಟರೂ ಅದು ಒಳಗೆ ಬರುವುದಿಲ್ಲ. ಹೋಮ್ ಪೂರ್ತಿ ಬರೆಯುವ ಅನುಮತಿಯೊಂದಿಗೆ ಕೊಟ್ಟಮೇಲೆ, ಸ್ಯಾಂಡ್‌ಬಾಕ್ಸ್ ಇದ್ದೂ ಇಲ್ಲದ ಹಾಗೇ ಅನ್ನಿ.