ರೂಪಾಯಿಗೆ ಎಷ್ಟು ಕ್ಯಾಲೊರಿ?

ನಮ್ಮ ಚಿಕ್ಕಪ್ಪನ ಜೊತೆ ಹೋಟೆಲಿಗೆ ಹೋಗುವವರು ಮನೆಯಲ್ಲೇ ಒಂದಿಷ್ಟು ತಿಂದು ಹೊರಡುವುದು ಒಳ್ಳೆಯದು. ಅವರು ಮೆನು ಓದಿ ಮುಗಿಸುವಷ್ಟರಲ್ಲಿ ಹೊಟ್ಟೆ ಬೆನ್ನಿಗೆ ಅಂಟಿರುತ್ತದೆ.

ಈಗಂತೂ ಓದೋದು ಇನ್ನೂ ಜಾಸ್ತಿ. ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಎಫ್‌ಎಸ್‌ಎಸ್‌ಎಐನ 2020ರ ನಿಯಮದ ಪ್ರಕಾರ, 10 ಕಡೆ ಅಥವಾ ಅದಕ್ಕಿಂತ ಹೆಚ್ಚು ಕಡೆ ಶಾಖೆ ಇರುವ ಹೋಟೆಲಿನವರು ಪ್ರತಿ ತಿಂಡಿಯ ಮುಂದೆ ಕ್ಯಾಲೊರಿ ಬರೆಯಬೇಕು. ನಮ್ಮ ಬೀದಿ ಕೊನೆಯ ದರ್ಶಿನಿಗೆ ಆ ತಲೆನೋವಿಲ್ಲ, ಅವರದು ಇರೋದೇ ಒಂದು ಅಂಗಡಿ. ಮಾಲ್‌ಗೆ ಹೋದರೆ ಸಿಕ್ಕಿಬಿದ್ದಿರಿ.

ಮೊನ್ನೆ ಸಿಕ್ಕಿಬಿದ್ದೆವು. ಚಿಕ್ಕಮ್ಮ ಕನ್ನಡಕ ತಂದಿರಲಿಲ್ಲ. ಮೆನುವನ್ನು ದೂರ ಹಿಡಿದು, "ಚೋಲೆ ಭಟೂರೆಗೆ ಏಳುನೂರು ಚಿಲ್ಲರೆಯಾ? ಏಳ್ರೀ, ಹೋಗೋಣ" ಎಂದು ಬ್ಯಾಗ್ ಎತ್ತಿಕೊಂಡರು.

"ಅದು ರೇಟಲ್ಲ ಚಿಕ್ಕಮ್ಮ, ಕ್ಯಾಲೊರಿ."

"ಓ, ಅಷ್ಟೇನಾ" ಎಂದು ನೆಮ್ಮದಿಯಾಗಿ ಕೂತರು.

ಚಿಕ್ಕಪ್ಪ ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದವರು. ಎರಡು ಸಂಖ್ಯೆ ಅಕ್ಕಪಕ್ಕ ಕಂಡರೆ ಕೈ ಸುಮ್ನಿರಲ್ಲ. ಟಿಶ್ಯೂ ಪೇಪರ್ ಎಳೆದುಕೊಂಡು ಕ್ಯಾಲೊರಿಯನ್ನು ರೇಟಿನಿಂದ ಭಾಗಿಸತೊಡಗಿದರು. "ನೋಡು, ಈ ಸೂಪಿನಲ್ಲಿ ರೂಪಾಯಿಗೆ ಒಂದು ಕ್ಯಾಲೊರಿನೂ ಬೀಳಲ್ಲ. ಸಲಾಡ್ ಅಂತೂ ಹಗಲು ದರೋಡೆ." ಚೋಲೆ ಭಟೂರೆಗೆ ಮೊದಲ ಬಹುಮಾನ. ಕೆಳಗೆ ಸಣ್ಣಕ್ಷರದಲ್ಲಿ, ವಯಸ್ಕರಿಗೆ ದಿನಕ್ಕೆ ಸರಾಸರಿ 2,000 ಕಿಲೋಕ್ಯಾಲೊರಿ (ನಾವು ಬರೀ ಕ್ಯಾಲೊರಿ ಅನ್ನೋದು ಇದನ್ನೇ) ಬೇಕು ಎಂದಿತ್ತು. "ಬೆಳಿಗ್ಗೆಯಿಂದ ಎರಡು ಇಡ್ಲಿ ತಿಂದಿದ್ದೀನಷ್ಟೆ, ಇನ್ನೂ ತುಂಬಾ ಬಾಕಿ ಇದೆ" ಎಂದು ಒಂದು ತುಪ್ಪದ ದೋಸೆಯನ್ನೂ ಹೇಳಿದರು.

ದೋಸೆ ಬಂದಾಗ ಮಾಣಿಗೆ, "ಸ್ವಲ್ಪ ತುಪ್ಪ ಜಾಸ್ತಿ ಬಿಡಪ್ಪ." ನಿಯಮದ ತಮಾಷೆ ಇರೋದೇ ಇಲ್ಲಿ. ಗಿರಾಕಿ ಕೇಳಿ ಬದಲಾಯಿಸಿಕೊಂಡ ತಿಂಡಿಗೆ ಲೆಕ್ಕ ಬರೆಯಬೇಕಿಲ್ಲ. ಪುಕ್ಕಟೆ ಇಟ್ಟು, ನಾವೇ ಹಾಕಿಕೊಳ್ಳುವ ಸಾಸ್‌ಗೂ ಇಲ್ಲ. ಕೊಬ್ಬಿಗೆ ಗ್ರಾಂಗೆ 9 ಕ್ಯಾಲೊರಿ. 5 ಗ್ರಾಂನ ಒಂದು ಚಮಚ ತುಪ್ಪ ಅಂದ್ರೆ ಹತ್ತಿರ ಹತ್ತಿರ 45. ಚಿಕ್ಕಪ್ಪನ 'ಸ್ವಲ್ಪ'ಕ್ಕೆ ಚಮಚ ಸಾಲದು, ಸೌಟೇ ಬೇಕು. ಅದೆಲ್ಲ ಮೆನುವಿನ ಹೊರಗಿನ ವ್ಯವಹಾರ. ನಾವು ಹೊಟ್ಟೆ ಬೆಳೆಸಿಕೊಂಡದ್ದೂ ಬಹುಪಾಲು ಹಾಗೇ ಅಲ್ವಾ?

ಸಮಾರಂಭಗಳ ಅಡುಗೆ ಕಂಟ್ರಾಕ್ಟರಿಗೂ ಈ ನಿಯಮದಿಂದ ವಿನಾಯಿತಿ ಇದೆ. ಮುಂದಿನ ತಿಂಗಳು ನೆಂಟರ ಮನೆಯಲ್ಲಿ ಮದುವೆ, ಹೋಳಿಗೆ ಊಟ. ಮನೆಗೆ ಬಂದ ಚಿಕ್ಕಪ್ಪನಿಗೆ ಈಗಲೇ ಚಿಂತೆ. "ಊಟ ಪುಕ್ಕಟೆ. ಸೊನ್ನೆಯಿಂದ ಭಾಗಿಸೋದು ಹೆಂಗೋ?"

ಚಿಕ್ಕಮ್ಮ ಬೀನ್ಸ್ ಸೋಸುತ್ತಿದ್ದವರು ತಲೆ ಎತ್ತಲಿಲ್ಲ. "ಮುಯ್ಯಿ ಓದಿಸಲ್ವಾ? ಅದರಿಂದ ಭಾಗಿಸಿ."