ಓಸಿಯನ್ ಮೊಕದ್ದಮೆ: ವಕೀಲ ಲೇಂಗ್ ಇತಿಹಾಸಕಾರನ ಕೆಲಸ ಮಾಡಿದನೇ?

ಮಾಲ್ಕಮ್ ಲೇಂಗ್ (1762–1818) ಸ್ಕಾಟ್ಲೆಂಡಿನ ಉತ್ತರಕ್ಕಿರುವ ಆರ್ಕ್ನಿ ದ್ವೀಪಗಳವನು. 1785ರಲ್ಲಿ ಎಡಿನ್‌ಬರೋದಲ್ಲಿ ವಕೀಲನಾದ. ವೃತ್ತಿ ಅಷ್ಟಾಗಿ ಕೈಹಿಡಿಯಲಿಲ್ಲ, ಇತಿಹಾಸಕ್ಕೆ ಹೊರಳಿದ. 1802ರಲ್ಲಿ ಪ್ರಕಟಿಸಿದ ಸ್ಕಾಟ್ಲೆಂಡ್ ಇತಿಹಾಸದ ಜೊತೆಗೆ ಅವನು ಸೇರಿಸಿದ ಒಂದು ಪ್ರಬಂಧ, ಯೂರೋಪಿನಾದ್ಯಂತ ಮೆರೆಯುತ್ತಿದ್ದ ಓಸಿಯನ್ ಕಾವ್ಯಗಳನ್ನು ಶುದ್ಧ ಖೋಟಾ ಎಂದು ಸಾರಿತು. ಆ ಕೆಲಸ ಇತಿಹಾಸವೋ, ಬರಿಯ ವಕಾಲತ್ತೋ? ಇಬ್ಬರು ಲೇಖಕರು ಇಲ್ಲಿ ವಾದಿಸಿದ್ದಾರೆ.

ಪರ: ಸುಳ್ಳನ್ನು ಅದರ ಬಾಯಿಂದಲೇ ಒಪ್ಪಿಸಿದವನು

1760ರಿಂದ 1763ರ ನಡುವೆ ಜೇಮ್ಸ್ ಮ್ಯಾಕ್‌ಫರ್ಸನ್ ಎಂಬ ಹೈಲ್ಯಾಂಡ್ (ಸ್ಕಾಟ್ಲೆಂಡಿನ ಬೆಟ್ಟಸೀಮೆ) ತರುಣ ಒಂದರ ಹಿಂದೊಂದು ಮೂರು ಪುಸ್ತಕ ಹೊರತಂದ. ಮೂರನೆಯ ಶತಮಾನದ ಓಸಿಯನ್ ಎಂಬ ಕುರುಡು ಕವಿ ತನ್ನ ತಂದೆ ಫಿಂಗಲ್‌ನ ಪರಾಕ್ರಮವನ್ನು ಆ ಸೀಮೆಯ ಗೇಲಿಕ್ ಭಾಷೆಯಲ್ಲಿ ಹಾಡಿದ್ದನಂತೆ, ತಾನು ಅದನ್ನು ಇಂಗ್ಲಿಷಿಗೆ ತಂದದ್ದಷ್ಟೇ ಅಂತೆ. ಓದುಗರು ಮರುಳಾದರು. ಗಯಟೆ ತನ್ನ ಕಾದಂಬರಿಯ ನಾಯಕನಿಂದ ಅದನ್ನು ಓದಿಸಿದ. ನೆಪೋಲಿಯನ್‌ಗೂ ಅದರ ಹುಚ್ಚು ಹಿಡಿದಿತ್ತು. ಮೂಲ ಎಲ್ಲಿ ಎಂದು ಇಂಗ್ಲಿಷ್ ವಿಮರ್ಶಕ ಸ್ಯಾಮ್ಯುಯೆಲ್ ಜಾನ್ಸನ್ ಗದರಿದರೂ, ಸಂಶಯಪಟ್ಟವರ ಬಾಯಿ ಮುಚ್ಚಿಸುವಂಥ ಮೂಲ ಪಠ್ಯ ಮ್ಯಾಕ್‌ಫರ್ಸನ್ 1796ರಲ್ಲಿ ಸಾಯುವವರೆಗೂ ಹೊರಬರಲಿಲ್ಲ. ಅಷ್ಟರಲ್ಲಿ ಅವನು ಪಾರ್ಲಿಮೆಂಟ್ ಸದಸ್ಯನಾಗಿ, ಹಣವಂತನಾಗಿ, ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸಮಾಧಿಗೂ ಅರ್ಹನಾಗಿದ್ದ. ನಮ್ಮ ಕಡೆಗೂ ಅವನ ನಂಟಿದೆ: 1780ರಲ್ಲಿ ಹೈದರಾಲಿಗೆ ಆರ್ಕಾಟನ್ನು ಕಳೆದುಕೊಂಡ ನವಾಬ ಮಹಮ್ಮದ್ ಅಲಿಗೆ ಮರುವರ್ಷದಿಂದ ಲಂಡನ್ನಿನಲ್ಲಿ ಏಜೆಂಟನಾಗಿ ದುಡಿದವನು ಇದೇ ಮಹಾಶಯ.

ಇಂಥವನನ್ನು ಎದುರಿಸಲು ಕಾವ್ಯರಸಿಕರಿಂದ ಆಗುತ್ತಿರಲಿಲ್ಲ. ರಸಿಕರಲ್ಲಿ ಅಗ್ರಗಣ್ಯನಾದ ಪ್ರೊಫೆಸರ್ ಹ್ಯೂ ಬ್ಲೇರ್ ಓಸಿಯನ್‌ನನ್ನು ಹೋಮರನ ಸಾಲಿಗೆ ಏರಿಸಿ ಕೂತಿದ್ದ. ಬೇಕಾಗಿದ್ದವನು ಪಾಟೀಸವಾಲು ಬಲ್ಲವನು. ಲೇಂಗ್ ಮಾಡಿದ್ದು ಅದನ್ನೇ. ಸಾಕ್ಷಿ ಸತ್ತಿದ್ದಾನೆ, ದಾಖಲೆ ಸಿಗುತ್ತಿಲ್ಲ, ಹಾಗಾದರೆ ಉಳಿದಿರುವ ಪುಸ್ತಕವನ್ನೇ ಕಟಕಟೆಗೆ ಹತ್ತಿಸೋಣ ಎಂದುಕೊಂಡ.

ಒಂದು ಉದಾಹರಣೆ ಸಾಕು. ಫಿಂಗಲ್ ಎದುರಿಸಿದ ಶತ್ರುಗಳಲ್ಲಿ ‘ಜಗದೊಡೆಯನ ಮಗ’ ಕ್ಯಾರಕುಲ್ ಒಬ್ಬ. ಇವನು ರೋಮ್ ಚಕ್ರವರ್ತಿ ಸೆವೆರಸ್‌ನ ಮಗ ಕ್ಯಾರಕಲ್ಲಾ ಎಂದು ಹೇಳಿ, ಕಾವ್ಯ ಮೂರನೆಯ ಶತಮಾನದ್ದೆಂಬುದಕ್ಕೆ ಇದೇ ಆಧಾರ ಎನ್ನುತ್ತಿದ್ದರು. ಸೆವೆರಸ್ ಸ್ಕಾಟ್ಲೆಂಡಿನಲ್ಲಿ ಕಾದಾಡಿದ್ದು 208ರಿಂದ 211ರವರೆಗೆ. ಆಗ ಆ ಮಗನನ್ನು ಎಲ್ಲರೂ ಕರೆಯುತ್ತಿದ್ದದ್ದು ಆಂಟೊನೈನಸ್ ಎಂದು. ಕ್ಯಾರಕಲ್ಲಾ ಎಂಬುದು ಅವನು ತೊಡುತ್ತಿದ್ದ ಗಾಲ್ ದೇಶದ ನಿಲುವಂಗಿಯಿಂದ ಆಮೇಲೆ ಅಂಟಿಕೊಂಡ ಅಡ್ಡಹೆಸರು. ರೋಮಿನಲ್ಲೇ ಇನ್ನೂ ಹುಟ್ಟಿರದ ಅಡ್ಡಹೆಸರು ಹೈಲ್ಯಾಂಡ್ ಬೆಟ್ಟಗಳ ಕುರುಡು ಕವಿಗೆ ಹೇಗೆ ತಿಳಿಯಿತು? ರೋಮಿನ ಇತಿಹಾಸ ಬರೆದ ಗಿಬ್ಬನ್ ಇದೇ ತೊಡಕನ್ನು ಮೊದಲೇ ಗುರುತಿಸಿದ್ದ. ಆದರೆ ದೊಡ್ಡವರ ನಯ ನೋಡಿ, ಸಂಶಯವನ್ನು ಸೂಚಿಸಿ ಮುಂದೆ ಹೋಗಿಬಿಟ್ಟ. ಲೇಂಗ್ ಅಲ್ಲೇ ನಿಂತು ಜಗ್ಗಿದ. ರೋಮಿನ ಇತಿಹಾಸ ಓದಿದ ಹದಿನೆಂಟನೆಯ ಶತಮಾನದವನೊಬ್ಬ ಮಾತ್ರ ಮಾಡಬಹುದಾದ ತಪ್ಪು ಇದು.

ಅಲ್ಲಿಗೂ ಬಿಡಲಿಲ್ಲ. 1805ರಲ್ಲಿ ಓಸಿಯನ್ ಕಾವ್ಯಗಳನ್ನೇ ತಾನು ಸಂಪಾದಿಸಿ ಪ್ರಕಟಿಸಿದ. ಸಂಪಾದಕರು ಸಾಮಾನ್ಯವಾಗಿ ಕವಿಯನ್ನು ಮೆರೆಸುತ್ತಾರೆ. ಈ ಸಂಪಾದಕ ಪುಟದ ಅಡಿಯಲ್ಲಿ ಕಳವಿನ ಪಟ್ಟಿ ಬರೆದ: ಈ ಸಾಲು ಬೈಬಲ್ಲಿನದು, ಇದು ವರ್ಜಿಲನದು, ಇದು ಇಂಗ್ಲಿಷ್ ಕವಿ ಪೋಪ್ ಮಾಡಿದ ಹೋಮರ್ ಅನುವಾದದ್ದು, ಸೂರ್ಯನನ್ನು ಕರೆದು ಮಾತನಾಡಿಸುವ ಆ ಪ್ರಸಿದ್ಧ ಭಾಗದ ಹಿಂದೆ ಮಿಲ್ಟನ್ನನ ಸೈತಾನ ಸೂರ್ಯನಿಗೆ ಹೇಳಿದ ಮಾತಿದೆ. ಜೊತೆಗೆ ಮ್ಯಾಕ್‌ಫರ್ಸನ್ 1758ರಲ್ಲಿ ತಾನೇ ಬರೆದು ಪ್ರಕಟಿಸಿ, ಯಾರೂ ಮೂಸಿ ನೋಡದೆ ಮೂಲೆಗೆ ಬಿದ್ದಿದ್ದ ‘ದಿ ಹೈಲ್ಯಾಂಡರ್’ ಎಂಬ ಪದ್ಯಕಾವ್ಯವನ್ನೂ ಅದೇ ಸಂಪುಟಗಳಲ್ಲಿ ಅಚ್ಚು ಹಾಕಿಸಿದ. ಎರಡನ್ನೂ ಅಕ್ಕಪಕ್ಕ ಇಟ್ಟು ಓದುವವನಿಗೆ ಕೈಬರಹ ತಜ್ಞನ ಅಗತ್ಯವೇ ಬೀಳುವುದಿಲ್ಲ. ಕೆಲವು ಹೋಲಿಕೆಗಳಲ್ಲಿ ಲೇಂಗ್ ಎಳೆದಾಡಿದ್ದಾನೆ ಎಂಬುದನ್ನು ಒಪ್ಪುತ್ತೇನೆ. ಚಂದ್ರ, ಮಂಜು, ಬಿರುಗಾಳಿ ಯಾರ ಸ್ವತ್ತೂ ಅಲ್ಲ. ಆದರೆ ನೂರರಲ್ಲಿ ಹತ್ತು ನಿಂತರೂ ಮ್ಯಾಕ್‌ಫರ್ಸನ್ನನ ಕತೆ ನಿಲ್ಲುವುದಿಲ್ಲ.

ಲೇಂಗ್‌ಗೆ ಗೇಲಿಕ್ ಬರುತ್ತಿರಲಿಲ್ಲ ಎಂಬುದು ಹಳೆಯ ಆಕ್ಷೇಪ. ಯೂರೋಪು ಮುಗಿಬಿದ್ದದ್ದು ಗೇಲಿಕ್ ಪುಸ್ತಕಕ್ಕಲ್ಲ, ಇಂಗ್ಲಿಷ್ ಪುಸ್ತಕಕ್ಕೆ. ಆ ಇಂಗ್ಲಿಷನ್ನು ಪರೀಕ್ಷಿಸಲು ಇಂಗ್ಲಿಷ್ ಸಾಕು. ಮುಂದೆ 1807ರಲ್ಲಿ ‘ಮೂಲ’ ಎಂದು ಗೇಲಿಕ್ ಪಠ್ಯವೊಂದು ಬಂದದ್ದೂ ಉಂಟು. ಅದರ ಪ್ರಕಟಣೆಗೆಂದು ಭಾರತದಲ್ಲಿದ್ದ ಹೈಲ್ಯಾಂಡ್ ಮೂಲದವರು ಎಷ್ಟೋ ಹಿಂದೆಯೇ ಹಣ ಕೂಡಿಸಿ ಕಳುಹಿಸಿದ್ದರು. ಆ ಗೇಲಿಕ್ ಇಂಗ್ಲಿಷಿನಿಂದ ತಿರುಗಿ ಅನುವಾದವಾದದ್ದೆಂದು ವಿದ್ವಾಂಸರು ನಂತರ ಕಂಡುಕೊಂಡರು.

ಇನ್ನು ಧೈರ್ಯದ ಮಾತು. 1794ರ ಮಾರ್ಚ್‌ನಲ್ಲಿ ಜೋಸೆಫ್ ಜೆರಾಲ್ಡ್ ಎಂಬ ಸುಧಾರಣಾವಾದಿಯ ಮೇಲೆ ರಾಜದ್ರೋಹದ ವಿಚಾರಣೆ ನಡೆಯಿತು. ಪೀಠದಲ್ಲಿದ್ದವನು ಬ್ರಾಕ್ಸ್‌ಫೀಲ್ಡ್, ಆರೋಪಿಗಳು ಹೆಸರು ಕೇಳಿದರೇ ನಡುಗುತ್ತಿದ್ದ ನ್ಯಾಯಾಧೀಶ. ಜೆರಾಲ್ಡ್ ಪರವಾಗಿ ಎದ್ದು ನಿಂತವರು ಆಡಮ್ ಗಿಲ್ಲೀಸ್ ಮತ್ತು ಲೇಂಗ್. ಆರೋಪಿಗೆ ಹದಿನಾಲ್ಕು ವರ್ಷ ಗಡೀಪಾರು ಎಂದಾಯಿತು. ವಕೀಲರಿಗೆ ಇದರಿಂದ ಕಕ್ಷಿದಾರರೇನೂ ಹೆಚ್ಚಿರಲಾರರು. ಸರ್ಕಾರದ ಕೆಂಗಣ್ಣಿಗೆ ಹೆದರದವನು ಎಂಟು ವರ್ಷದ ನಂತರ ತನ್ನ ದೇಶದವರ ಅಭಿಮಾನಕ್ಕೂ ಹೆದರಲಿಲ್ಲ. ಓಸಿಯನ್ ಸ್ಕಾಟ್ಲೆಂಡಿನ ಹೋಮರ್ ಆಗಿದ್ದ ಕಾಲದಲ್ಲಿ, ಸ್ಕಾಟ್ಲೆಂಡಿನವನೇ ಎದ್ದು ಅಲ್ಲ ಎಂದ. 1805ರಲ್ಲಿ ಎರಡೂ ಕಡೆಯ ವಾದ ಓದಿ ವಿಮರ್ಶೆ ಬರೆದ ವಾಲ್ಟರ್ ಸ್ಕಾಟ್, ಮನಸ್ಸಿಲ್ಲದ ಮನಸ್ಸಿನಿಂದಲೇ ಇರಬೇಕು, ಬಹುಮಟ್ಟಿಗೆ ಲೇಂಗ್ ಕಡೆಗೇ ವಾಲಿದ. ಇದು ಇತಿಹಾಸಕಾರನ ಕೆಲಸವಲ್ಲದಿದ್ದರೆ ಇನ್ನಾವುದು?

ವಿರೋಧ: ಗೆದ್ದ ಮೇಲೆ ಕಡತ ಮುಚ್ಚಿದವನು

ಮ್ಯಾಕ್‌ಫರ್ಸನ್ ಓದುಗರನ್ನು ವಂಚಿಸಿದ. ಇದರಲ್ಲಿ ನನಗೆ ತಕರಾರಿಲ್ಲ. ಕ್ಯಾರಕಲ್ಲಾ ಪ್ರಸಂಗವನ್ನು ಲೇಂಗ್ ಬಿಡಿಸಿದ ಬಗೆ ಸೊಗಸಾಗಿಯೇ ಇದೆ. ಆದರೆ ಇತಿಹಾಸಕಾರನ ಮುಂದೆ ಇದ್ದದ್ದು ಎರಡು ಪ್ರಶ್ನೆ. ಈ ಇಂಗ್ಲಿಷ್ ಪುಸ್ತಕ ಬರೆದವರು ಯಾರು ಎಂಬುದು ಒಂದು. ಹೈಲ್ಯಾಂಡ್ ಜನ ಫಿಂಗಲ್ ಮತ್ತು ಓಸಿಯನ್ ಬಗ್ಗೆ ನಿಜಕ್ಕೂ ಏನು ಹಾಡುತ್ತಿದ್ದರು, ಎಂದಿನಿಂದ ಹಾಡುತ್ತಿದ್ದರು ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಸೋಲಿಸಬೇಕಾದ ಎದುರಾಳಿ ಇದ್ದ. ಎರಡನೆಯದರಲ್ಲಿ ಯಾರೂ ಇರಲಿಲ್ಲ, ಕೆಲಸವಷ್ಟೇ ಇತ್ತು. ಲೇಂಗ್ ಮೊದಲನೆಯದಕ್ಕೆ ಮೈಯೆಲ್ಲ ಕಣ್ಣಾದ. ಎರಡನೆಯದು ಬಂದಾಗ, ಅವೆಲ್ಲ ಐರ್ಲೆಂಡಿನ ಲಾವಣಿಗಳು ಎಂದು ಬದಿಗೆ ತಳ್ಳಿದ.

ಅವನ ಹುಟ್ಟೂರನ್ನು ನೆನೆಯಬೇಕು. ಆರ್ಕ್ನಿ ನಾರ್ವೆಯವರ ನೆಲವಾಗಿದ್ದು, 1468ರಲ್ಲಿ ಒತ್ತೆಯಾಗಿ ಸ್ಕಾಟ್ಲೆಂಡ್ ದೊರೆಯ ಕೈಗೆ ಬಂದ ದ್ವೀಪ. ಗೇಲಿಕ್ ಅಲ್ಲಿನ ಜನರ ನುಡಿಯಲ್ಲ. ಅದು ಅವನ ತಪ್ಪಲ್ಲ, ಆದರೆ ಸಾಕ್ಷಿಯ ಭಾಷೆ ತಿಳಿಯದ ವಕೀಲ ದುಭಾಷಿಯನ್ನು ಕೇಳುತ್ತಾನೆ, ಸಾಕ್ಷಿಯನ್ನೇ ಅನರ್ಹಗೊಳಿಸುವುದಿಲ್ಲ. ‘ಪುಸ್ತಕ ಇಂಗ್ಲಿಷಿನಲ್ಲಿತ್ತು, ಇಂಗ್ಲಿಷ್ ಸಾಕು’ ಎಂಬ ಎದುರು ಪಕ್ಷದ ಮಾತು ಜಾಣತನದ್ದು. ಮ್ಯಾಕ್‌ಫರ್ಸನ್ ಏನನ್ನು ಕದ್ದ ಎಂದು ತಿಳಿಯಲು ಅದು ಸಾಕು. ಅವನ ಕೈಯಲ್ಲಿ ನಿಜವಾಗಿ ಏನಿತ್ತು ಎಂದು ತಿಳಿಯಲು ಸಾಲದು.

ಏನಿತ್ತು? ಮ್ಯಾಕ್‌ಫರ್ಸನ್ ಹೈಲ್ಯಾಂಡ್ ಸುತ್ತಿ ಸಂಗ್ರಹಿಸಿದ ಹಸ್ತಪ್ರತಿಗಳಲ್ಲಿ ಒಂದು, ಲಿಸ್ಮೋರ್‌ನ ಧರ್ಮಾಧಿಕಾರಿಯಾಗಿದ್ದ ಜೇಮ್ಸ್ ಮೆಕ್‌ಗ್ರೆಗರ್ ಹದಿನಾರನೆಯ ಶತಮಾನದ ಮೊದಲ ಭಾಗದಲ್ಲಿ ಬರೆದಿಡಿಸಿದ್ದು. ಗೇಲಿಕ್ ಪದ್ಯಗಳನ್ನು ಗೇಲಿಕ್ ಕಾಗುಣಿತದಲ್ಲಿ ಬರೆಯದೆ, ಕಿವಿಗೆ ಬಿದ್ದಂತೆ ಸ್ಕಾಟ್ಸ್ ಭಾಷೆಯ ಬರವಣಿಗೆಯ ರೀತಿಯಲ್ಲಿ ಇಳಿಸಿದ್ದಾರೆ. ಗೇಲಿಕ್ ಬಲ್ಲವರೂ ಅದರ ಮುಂದೆ ತಡವರಿಸುತ್ತಾರೆ. ಆ ತೊಡಕಿನ ಅಕ್ಷರಗಳ ನಡುವೆ ಫಿಂಗಲ್‌ನ ಪಡೆಯವರಾದ ಫಿಯನ್ ವೀರರ ಲಾವಣಿಗಳಿವೆ. ಕೆಲವದರ ತಲೆಯ ಮೇಲೆ ಇದರ ಕರ್ತೃ ಓಸಿಯನ್ ಎಂಬ ಒಕ್ಕಣೆಯೂ ಇದೆ. ಎಂದರೆ ಮ್ಯಾಕ್‌ಫರ್ಸನ್ ಹುಟ್ಟುವ ಇನ್ನೂರು ವರ್ಷ ಮೊದಲೇ ಹೈಲ್ಯಾಂಡ್‌ನಲ್ಲಿ ಓಸಿಯನ್ ಹೆಸರಿನ ಹಾಡು ಲಿಖಿತವಾಗಿತ್ತು. ಗೇಲಿಕ್ ವಿದ್ವಾಂಸ ಡೆರಿಕ್ ಥಾಮ್ಸನ್ 1952ರಲ್ಲಿ ಮ್ಯಾಕ್‌ಫರ್ಸನ್ನನ ಪಠ್ಯವನ್ನು ಗೇಲಿಕ್ ಲಾವಣಿಗಳ ಪಕ್ಕದಲ್ಲಿಟ್ಟು ನೋಡಿದಾಗ, ಹನ್ನೆರಡಕ್ಕೂ ಹೆಚ್ಚು ಲಾವಣಿಗಳನ್ನು, ಅದರಲ್ಲೂ ‘ಫಿಂಗಲ್’ ಕಾವ್ಯಕ್ಕೆ, ಅವನು ಬಳಸಿಕೊಂಡಿದ್ದಾನೆ ಎಂದು ತೋರಿತು. ಹಿಗ್ಗಿಸಿದ, ತಿರುಚಿದ, ಬೆರಕೆ ಮಾಡಿದ, ಎಲ್ಲ ನಿಜ. ಆದರೆ ಗಾಳಿಯಿಂದ ಹುಟ್ಟಿಸಿದ್ದಲ್ಲ.

ಇದೆಲ್ಲ ನೂರೈವತ್ತು ವರ್ಷದ ನಂತರದ ಜ್ಞಾನ, ಲೇಂಗ್‌ಗೆ ಹೇಗೆ ತಿಳಿಯಬೇಕು ಎನ್ನಬಹುದು. ಅವನ ಕಾಲದಲ್ಲೇ ಹೈಲ್ಯಾಂಡ್ ಸೊಸೈಟಿಯ ಸಮಿತಿಯೊಂದು ಊರೂರಿಗೆ ಪ್ರಶ್ನೆ ಕಳುಹಿಸಿ, ಪಾದ್ರಿಗಳಿಂದ, ಮುದುಕರಿಂದ ಉತ್ತರ ತರಿಸಿ, ಹೆನ್ರಿ ಮೆಕೆಂಜಿಯ ಮುಂದಾಳತ್ವದಲ್ಲಿ 1805ರಲ್ಲಿ ವರದಿ ಕೊಟ್ಟಿತು. ಓಸಿಯನ್ ಹೆಸರಿನ ಹಾಡುಗಳು ಹೇರಳವಾಗಿದ್ದವು, ಆದರೆ ಮ್ಯಾಕ್‌ಫರ್ಸನ್ ಅಚ್ಚು ಹಾಕಿಸಿದ್ದಕ್ಕೆ ಸರಿಸಮ ಹೊಂದುವ ಒಂದೂ ಕಾವ್ಯ ಸಿಗಲಿಲ್ಲ ಎಂಬುದು ಅದರ ಸಾರ. ಮಂಕಾದ ಉತ್ತರ, ಯಾರಿಗೂ ಚಪ್ಪಾಳೆ ತರದ ಉತ್ತರ. ಈಗ ಹಿಂತಿರುಗಿ ನೋಡಿದರೆ ಲೇಂಗ್‌ನ ಗುಡುಗಿಗಿಂತ ಅದೇ ಸತ್ಯಕ್ಕೆ ಹತ್ತಿರ. ಅಂದಿನ ಸ್ಕಾಟ್ಲೆಂಡಿನ ನ್ಯಾಯಾಲಯದಲ್ಲಿ ಅಪರಾಧಿ, ನಿರಪರಾಧಿ ಎಂಬವುಗಳ ನಡುವೆ ‘ಸಾಬೀತಾಗಿಲ್ಲ’ ಎಂಬ ಮೂರನೆಯ ತೀರ್ಪೂ ಇತ್ತು. ಲೇಂಗ್ ಆ ನ್ಯಾಯಾಲಯದಲ್ಲೇ ಪಳಗಿದವನು. ಲಾವಣಿಗಳ ಮಟ್ಟಿಗಾದರೂ ಅದನ್ನು ಬಳಸಬಹುದಿತ್ತು.

ಇದಕ್ಕಿಂತ ಹೆಚ್ಚು ನನ್ನನ್ನು ಕೆಣಕುವುದು ಸ್ಕಾಟ್ಲೆಂಡಿನ ಮೇರಿ ರಾಣಿಯ ವಿಚಾರ. ತನ್ನ ಸ್ಕಾಟ್ಲೆಂಡ್ ಇತಿಹಾಸದ 1804ರ ಎರಡನೆಯ ಮುದ್ರಣಕ್ಕೆ ಲೇಂಗ್ ಇನ್ನೊಂದು ದೀರ್ಘ ಪ್ರಬಂಧ ಸೇರಿಸಿದ: 1567ರ ಫೆಬ್ರವರಿಯಲ್ಲಿ ನಡೆದ ಡಾರ್ನ್ಲಿಯ ಕೊಲೆಯಲ್ಲಿ ಪತ್ನಿ ಮೇರಿಯ ಪಾಲೆಷ್ಟು ಎಂಬುದು ವಿಷಯ. ಮುಖ್ಯ ಆಧಾರ ಬೆಳ್ಳಿಯ ಪೆಟ್ಟಿಗೆಯಲ್ಲಿ ಸಿಕ್ಕವೆನ್ನಲಾದ, ಮೇರಿಯೇ ಬರೆದಳೆನ್ನಲಾದ ಪತ್ರಗಳು. ಅವುಗಳ ಮೂಲ ಎಲ್ಲಿದೆ? ಎಲ್ಲಿಯೂ ಇಲ್ಲ. 1580ರ ದಶಕದ ನಂತರ ಕಣ್ಮರೆಯಾದವು, ಉಳಿದದ್ದು ನಕಲು ಮತ್ತು ಅನುವಾದ. ಮ್ಯಾಕ್‌ಫರ್ಸನ್ನನಿಗೆ ‘ಮೂಲ ತಾ’ ಎಂದವನು ಇಲ್ಲಿ ಮೂಲವಿಲ್ಲದ ಪತ್ರಗಳನ್ನು ಅಸಲಿ ಎಂದು ಒಪ್ಪಿ ರಾಣಿಯನ್ನು ಅಪರಾಧಿಯಾಗಿಸಿದ. 1568ರಲ್ಲಿ ಇಂಗ್ಲೆಂಡಿನ ಪ್ರತಿನಿಧಿಗಳು ಮೂಲವನ್ನು ಕಣ್ಣಾರೆ ನೋಡಿ ಕೈಬರಹ ಹೋಲಿಸಿದ್ದರು, ನಿಜ. ಆದರೆ ತಂದು ತೋರಿಸಿದವರು ರಾಣಿಯ ಶತ್ರುಗಳು. ಇವೇ ಪತ್ರಗಳು ಖೋಟಾ ಎಂದು 1760ರಲ್ಲಿ ಪುಸ್ತಕ ಬರೆದು ವಾದಿಸಿದ ವಿಲಿಯಂ ಟೈಟ್ಲರ್ ಕೂಡ ಎಡಿನ್‌ಬರೋದ ಕಾನೂನು ವೃತ್ತಿಯವನೇ. ಒಂದೇ ಗರಡಿ, ಒಂದೇ ಪಟ್ಟು, ತೀರ್ಪು ಮಾತ್ರ ಎದುರುಬದುರು. ಅಂದ ಮೇಲೆ ತೀರ್ಪು ಕೊಟ್ಟದ್ದು ವಿಧಾನವಲ್ಲ, ಮೊದಲೇ ಹಿಡಿದ ಪಕ್ಷ.

ಜೆರಾಲ್ಡ್ ಪರ ನಿಂತ ಧೈರ್ಯವನ್ನು ನಾನೂ ಗೌರವಿಸುತ್ತೇನೆ. ಧೈರ್ಯ ಬೇರೆ, ಕಿವಿಗೊಡುವುದು ಬೇರೆ.

ಕಾನೂನು ಓದಿದವರಿಂದ ಇದು ಆಗುವುದೇ ಇಲ್ಲ ಎನ್ನುತ್ತಿಲ್ಲ. ಐಲಾ ದ್ವೀಪದ ಮನೆತನದ ಜಾನ್ ಫ್ರಾನ್ಸಿಸ್ ಕ್ಯಾಂಪ್‌ಬೆಲ್ 1851ರಲ್ಲಿ ಬ್ಯಾರಿಸ್ಟರ್ ಆದವನು. ಅವನಿಗೆ ಗೇಲಿಕ್ ಬರುತ್ತಿತ್ತು. ತಾನೂ ತಿರುಗಿ, ಗೇಲಿಕ್ ಬಲ್ಲ ಸಹಾಯಕರನ್ನೂ ಕಳುಹಿಸಿ, ಬಡ ಒಕ್ಕಲುಗಳ ಗುಡಿಸಲುಗಳಲ್ಲಿ ಕೇಳಿದ ಕತೆಗಳನ್ನು ಹೇಳಿದವರ ಮಾತಿನಲ್ಲೇ ಬರೆಸಿದ. ಪ್ರತಿ ಕತೆಯ ಜೊತೆಗೆ ಹೇಳಿದವನ ಹೆಸರು, ಊರು, ಕಸುಬು ದಾಖಲಿಸಿದ. 1872ರಲ್ಲಿ ಫಿಯನ್ ವೀರರ ಲಾವಣಿಗಳನ್ನು, ಹಸ್ತಪ್ರತಿಯಲ್ಲಿ ಸಿಕ್ಕವನ್ನೂ ಬಾಯಲ್ಲಿ ಉಳಿದವನ್ನೂ, ಪಾಠಾಂತರಗಳ ಸಮೇತ ಒಂದೇ ಸಂಪುಟದಲ್ಲಿ ಅಚ್ಚು ಹಾಕಿಸಿದ. ಮ್ಯಾಕ್‌ಫರ್ಸನ್ನನ ಓಸಿಯನ್ ಹಳೆಯದಲ್ಲ ಎಂಬ ನಿಲುವಿಗೆ ಅವನೂ ಬಂದ. ಆದರೆ ಅದನ್ನು ಹೇಳುವ ಹೊತ್ತಿಗೆ ಹಳೆಯವು ಯಾವುವು ಎಂಬುದನ್ನು ಓದುಗರ ಮುಂದೆ ಇಟ್ಟಿದ್ದ.