ಸುಟ್ಟ ಊರನ್ನು ಅದೇ ಜಾಗದಲ್ಲಿ ಕಟ್ಟಬೇಕೆ?

2019-20ರ ಬೇಸಿಗೆಯ ಕಾಳ್ಗಿಚ್ಚು ಆಸ್ಟ್ರೇಲಿಯಾದಲ್ಲಿ 33 ಜನರನ್ನು ಬಲಿ ತೆಗೆದುಕೊಂಡಿತು, 3,000ಕ್ಕೂ ಹೆಚ್ಚು ಮನೆಗಳನ್ನು ಸುಟ್ಟಿತು. ಸುಟ್ಟ ಮನೆಗಳಲ್ಲಿ ಬಹುಪಾಲು ಹಳ್ಳಿಗಾಡಿನವು.

ಪರ

ನ್ಯೂ ಸೌತ್ ವೇಲ್ಸ್ ರಾಜ್ಯದ ಕೊಬಾರ್ಗೊ ಊರಿನ ಮುಖ್ಯ ಬೀದಿಯ ಅಂಗಡಿಗಳು ಉರಿದದ್ದು 2019ರ ಡಿಸೆಂಬರ್ 31ರಂದು. ಸುತ್ತಲಿನ ಬೇಗಾ ಕಣಿವೆಯ ಹೈನುಗಾರರ ಪಾಡು ಬೆಂಕಿ ದಾಟಿಹೋದ ಮೇಲೂ ಮುಗಿಯಲಿಲ್ಲ. ಕರೆಂಟ್ ಇಲ್ಲ, ಹಾಲು ತಣ್ಣಗಿಡುವ ಟ್ಯಾಂಕ್ ನಿಂತಿದೆ, ರಸ್ತೆ ಬಂದ್, ಡೇರಿಯ ಟ್ಯಾಂಕರ್ ಬರುವಂತಿಲ್ಲ. ಹಾಗಂತ ಹಸು ಕಾಯುತ್ತದೆಯೇ? ಹಿಂಡದೆ ಬಿಟ್ಟರೆ ಕೆಚ್ಚಲು ಬಾವು. ಜನರೇಟರ್ ಇದ್ದವರು ಹಿಂಡಿದರು. ಹಿಂಡಿದ ಹಾಲನ್ನು ನೆಲಕ್ಕೆ ಸುರಿದರು. ಬೇಲಿಗೂಟಗಳೆಲ್ಲ ಬೂದಿಯಾಗಿ ದನಗಳು ರಸ್ತೆಗೆ ಬಂದಿದ್ದವು. ಇಂಥವರಿಗೆ ‘ಬೇರೆ ಕಡೆ ಹೋಗಿ’ ಎನ್ನುವವರು ಹುಲ್ಲುಗಾವಲನ್ನು ಯಾವ ಲಾರಿಗೆ ಹೇರಬೇಕೆಂದೂ ಹೇಳಲಿ.

ಇನ್ನೊಂದು ಮಾತು. ನ್ಯೂ ಸೌತ್ ವೇಲ್ಸ್‌ನ ಗ್ರಾಮೀಣ ಅಗ್ನಿಶಾಮಕ ದಳದಲ್ಲಿರುವುದು 70,000ಕ್ಕೂ ಹೆಚ್ಚು ಸ್ವಯಂಸೇವಕರು. ಸಂಬಳವಿಲ್ಲ. ಬೆಳಿಗ್ಗೆ ಹಾಲು ಹಿಂಡಿದವನೇ ಮಧ್ಯಾಹ್ನ ಕೊಳವೆ ಹಿಡಿಯುತ್ತಾನೆ. ಊರು ಖಾಲಿಯಾದರೆ ಆ ದಳವೂ ಇಲ್ಲ, ಹುಲ್ಲು ಮೇಯುವ ದನವೂ ಇಲ್ಲ. ಕಾಯುವವರಿಲ್ಲದ ಕಣಿವೆಯ ಬೆಂಕಿ ಮುಂದಿನ ಊರಿನ ಬಾಗಿಲಿಗೇ ಬರುತ್ತದೆ. ಆ ನೆಲದ ಮೂಲನಿವಾಸಿಗಳು ಸಾವಿರಾರು ವರ್ಷ ತಂಪು ದಿನಗಳಲ್ಲಿ ಸಣ್ಣ ಬೆಂಕಿ ಹಚ್ಚಿ ದೊಡ್ಡ ಬೆಂಕಿಯನ್ನು ತಡೆದವರು. ಬೆಂಕಿಯ ಜೊತೆ ಬದುಕಲು ಬರುವುದಿಲ್ಲ ಎಂದು ಯಾರು ಹೇಳಿದ್ದು?

ಮನೆಯನ್ನೂ ಗಟ್ಟಿಯಾಗಿ ಕಟ್ಟಬಹುದು. ಹೆಚ್ಚಿನ ಮನೆಗಳಿಗೆ ಬೆಂಕಿ ತಗಲುವುದು ಜ್ವಾಲೆಯಿಂದಲ್ಲ, ಗಾಳಿಯಲ್ಲಿ ಹಾರಿಬರುವ ಕೆಂಡದಿಂದ. ಕಿಂಡಿಗಳಿಗೆ ಲೋಹದ ಜಾಲರಿ, ಉರಿಯದ ಗೋಡೆ, ತರಗೆಲೆ ಕೂರದ ಸೂರು: ಇಷ್ಟಿದ್ದರೂ ಬಚಾವಾಗುವ ಸಾಧ್ಯತೆ ಹೆಚ್ಚು.

ವಿರೋಧ

ಹೈನುಗಾರನ ವಿಷಯದಲ್ಲಿ ತಕರಾರಿಲ್ಲ. ಆದರೆ ಅವನ ಹೆಸರು ಹೇಳಿಕೊಂಡು ಕಾಡಿನಂಚಿನ ದಿಣ್ಣೆಯ ಮೇಲಿನ ವಾರಾಂತ್ಯದ ಮನೆಗೂ ಅದೇ ನ್ಯಾಯ ಕೇಳುವುದಿದೆಯಲ್ಲ, ಅದು ಸರಿಯಲ್ಲ.

ಮಲ್ಲಕೂಟವನ್ನು ನೋಡಿ. ವಿಕ್ಟೋರಿಯಾ ರಾಜ್ಯದ ಮೂಲೆಯ ಕಡಲೂರು, ಹೆದ್ದಾರಿಯಿಂದ ಅಲ್ಲಿಗೆ ಇರುವುದು ಒಂದೇ ರಸ್ತೆ, ಅದೂ ಕಾಡಿನ ನಡುವೆ. ಅದೇ ಡಿಸೆಂಬರ್ 31ರ ಬೆಳಿಗ್ಗೆ ಆಕಾಶ ರಾತ್ರಿಯಂತೆ ಕಪ್ಪಾಗಿ, ಆಮೇಲೆ ರಕ್ತಗೆಂಪಾಯಿತು. ರಸ್ತೆ ಮುಚ್ಚಿತ್ತು. ಸುಮಾರು 4,000 ಜನ ನೀರಂಚಿಗೆ ಓಡಿದರು. ಕೆಲವರು ದೋಣಿ ಹತ್ತಿ ಕೂತರು. ಗಾಳಿ ದಿಕ್ಕು ಬದಲಿಸಿತು, ಅವರು ಉಳಿದರು. ಸಾವಿರಕ್ಕೂ ಹೆಚ್ಚು ಮಂದಿಯನ್ನು ಕೊನೆಗೆ ನೌಕಾಪಡೆಯ ಹಡಗು ಹೊರಗೆ ಸಾಗಿಸಿತು. ಗಾಳಿಯನ್ನು ನಂಬಿ ಊರು ಕಟ್ಟಲಾಗದು.

ಸ್ವಯಂಸೇವಕರ ಮಾತು ಬಂತು. ಜಿಂಜೆಲಿಕ್ ಬಳಿ ಬೆಂಕಿಯ ಸುಂಟರಗಾಳಿ ಅಗ್ನಿಶಾಮಕ ಲಾರಿಯನ್ನೇ ಮಗುಚಿ ಒಬ್ಬ ಯುವಕ ಸತ್ತ. ಕಟ್ಟಬಾರದ ಜಾಗದಲ್ಲಿ ಕಟ್ಟಿದ ಪ್ರತಿ ಮನೆಯೂ ಇಂಥ ಒಬ್ಬನನ್ನು ಕೈಮಾಡಿ ಕರೆಯುತ್ತದೆ. ‘ಗಟ್ಟಿಯಾಗಿ ಕಟ್ಟಬಹುದು’ ಎನ್ನುವವರು ಖರ್ಚನ್ನೂ ಹೇಳಲಿ. ಜ್ವಾಲೆ ನೇರ ತಗಲುವ ವಲಯದ ನಿಯಮದಂತೆ ಕಟ್ಟುವುದು ದುಬಾರಿ. ವಿಮೆ ಕಡಿಮೆ ಮೊತ್ತಕ್ಕೆ ಮಾಡಿಸಿದ್ದವರು ಸುಟ್ಟ ಚಿಮಣಿಯ ಪಕ್ಕ ಕ್ಯಾರವಾನಿನಲ್ಲಿ ತಿಂಗಳುಗಟ್ಟಲೆ ಕಳೆದರು.

ಇದು ಹೊಸ ವಾದವೇನಲ್ಲ. 2009ರ ಫೆಬ್ರವರಿ 7ರ ಬೆಂಕಿಗೆ ವಿಕ್ಟೋರಿಯಾದಲ್ಲಿ 173 ಜನ ಬಲಿಯಾದ ಮೇಲೆ, ತೀರಾ ಅಪಾಯದ ಜಾಗಗಳಲ್ಲಿ ಒಪ್ಪಿದವರ ಜಮೀನನ್ನು ಸರ್ಕಾರವೇ ಕೊಳ್ಳಲಿ ಎಂದು ತನಿಖಾ ಆಯೋಗ ಹೇಳಿತ್ತು. ಜಾರಿಗೆ ಬಂದದ್ದು ಸೀಮಿತ ಯೋಜನೆ. ಶರಾವತಿ ಮುಳುಗಡೆಯ ಕತೆ ಕೇಳಿ ಬೆಳೆದ ನಮಗೆ ಸ್ಥಳಾಂತರ ಎಂದರೆ ಎದೆ ಝಲ್ಲೆನ್ನುತ್ತದೆ, ನಿಜ. ಆದರೆ ಅಲ್ಲಿ ನೀರು ಯಾರ ಒಪ್ಪಿಗೆಗೂ ಕಾಯಲಿಲ್ಲ. ಇಲ್ಲಿ ಕೇಳುತ್ತಿರುವುದು ಇಷ್ಟೇ: ಬೂದಿ ಗುಡಿಸುತ್ತಿರುವವನು ಇಟ್ಟಿಗೆಗೆ ಮುಂಗಡ ಕೊಡುವ ಮೊದಲು, ಜಮೀನು ಕೊಳ್ಳುವ ಕಾಗದ ಅವನ ಕೈಗೆ ತಲುಪಿರಲಿ. ಬೇಡವೆಂದರೆ ಬೇಡ.